ಕೆಸರಿನಲ್ಲಿ ಸಿಕ್ಕ ದೊಡ್ಡಜ್ಜ

ದ್ಯಾಮಣ್ಣನಿಗೆ ಬೇಕಾಗಿದ್ದದ್ದು ಒಂದು ಚೌಕಟ್ಟು. ಸಿಕ್ಕಿದ್ದು ಒಬ್ಬ ದೊಡ್ಡಜ್ಜ. ಚೌಕಟ್ಟು ಕೊಂಡವರಿಗೆ ಅಜ್ಜನನ್ನು ಉಚಿತವಾಗಿ ಕೊಟ್ಟ ಉದಾಹರಣೆ ಕೆನಡಾದ ನಮ್ಮ ವಿಟ್ಬಿ ಊರಿನಲ್ಲಿ ಮನೆಯ ಹಳೆ ಸಾಮಾನು ಮಾರುವ ಗರಾಜ್ ಸೇಲುಗಳ ಚರಿತ್ರೆಯಲ್ಲಿ ಇದೊಂದೇ ಇರಬೇಕು. ಈ ಚರಿತ್ರೆಗೆ ನಾನು ಪಕ್ಕದ ಮನೆಯವನಾಗಿ ಸಾಕ್ಷಿ. ನಮ್ಮ ಕನ್ನಡ ಬಳಗದ ಕಾಯಂ ನಿರೂಪಕನಾಗಿ ಸ್ವಲ್ಪಮಟ್ಟಿಗೆ ಪಾಲುದಾರ. ನಿರೂಪಕ ಅಂದರೆ ರೂಪ ಇಲ್ಲದಿದ್ದರೂ ನಡೆಯುವ ಕೆಲಸ ಎಂದು ನನ್ನ ಹೆಂಡತಿಯ ವ್ಯಾಖ್ಯಾನ.

ದ್ಯಾಮಣ್ಣ ಹುಬ್ಬಳ್ಳಿಯವನು. ವಾನ್ ಎಂಬ ಊರಿನ ಒಂದು ಗೋದಾಮಿನಲ್ಲಿ ಶಿಫ್ಟ್ ಸೂಪರ್‌ವೈಸರು. ಹೆಂಡತಿ ಮಲ್ಲವ್ವ ಒಂದು ಕಾಫಿ ಅಂಗಡಿಯ ಮ್ಯಾನೇಜರು. ಅಲ್ಲಿ ಅವಳ ಎದೆಯ ಮೇಲಿನ ಬಿಲ್ಲೆಯಲ್ಲಿ ‘ಮೋಲಿ’ ಎಂದಿದೆ. ಒಬ್ಬಳೇ ಮಗಳು ಶಿವಾನಿ ಓದು ಮುಗಿಸಿ, ಕೆಲಸಕ್ಕೆ ಸೇರಿ, ಜೊತೆಯಲ್ಲಿ ಓದಿದ ಹರ್ಷವರ್ಧನನನ್ನು ಮದುವೆಯಾಗುತ್ತೇನೆ ಎಂದಳು. ಹರ್ಷವರ್ಧನ ಒಳ್ಳೆಯ ಹುಡುಗ. ಅವನಿಗಿದ್ದ ಒಂದೇ ದೋಷ ಅವನ ಮನೆಯ ಗೋಡೆ.

ಅವನ ತಂದೆ ಶ್ರೀನಾಥ ಮೈಸೂರಿನವರು, ಸಾಫ್ಟ್‌ವೇರ್ ಆರ್ಕಿಟೆಕ್ಟು, ನಮ್ಮ ಬಳಗದ ಅಧ್ಯಕ್ಷರು. ಅರೋರಾದಲ್ಲಿರುವ ಅವರ ಮನೆಗೆ ಹೋದವರಿಗೆ ಕಾಫಿಗಿಂತ ಮೊದಲು ಗೋಡೆ ಸಿಗುತ್ತದೆ. ಪೇಟ ಸುತ್ತಿದ ತಾತ, ಪೇಟ ಸುತ್ತಿದ ತಾತನ ತಾತ, ಪೇಟ ಮಾತ್ರ ಕಾಣುವಷ್ಟು ಮಾಸಿಹೋದ ಇನ್ನೂ ಹಿಂದಿನ ಒಬ್ಬರು. ಶ್ರೀನಾಥ ಕೈ ಹಿಂದಕ್ಕೆ ಕಟ್ಟಿಕೊಂಡು, ಮ್ಯೂಸಿಯಮ್ಮಿನ ಗೈಡಿನಂತೆ ಅರ್ಧ ಕಣ್ಣು ಮುಚ್ಚಿ ಹೇಳುತ್ತಾರೆ: “ಇವ್ರು ನಮ್ಮ ತಾತ. ಪಕ್ಕದಲ್ಲಿ ನಿಂತಿರೋರು ಅರಮನೆ ಕಡೆಯವ್ರು.” ಕಡೆಯವರು ಎಂದರೆ ಯಾವ ಕಡೆಯವರು ಎಂದು ಕಡೆಯವರೆಗೂ ಕೇಳುವ ಧೈರ್ಯ ಯಾರಿಗೂ ಬಂದಿಲ್ಲ.

ಹರ್ಷವರ್ಧನನ ತಾಯಿ ವಸಂತಾ ಫೋನಿನಲ್ಲಿ ಮಲ್ಲವ್ವನಿಗೆ ಹೇಳಿದರು: “ಹುಡ್ಗಿ ಚೆನ್ನಾಗಿದಾಳೆ, ಓದಿದಾಳೆ, ನಮ್ಗೇನೂ ಇಲ್ಲ. ಆದ್ರೆ ಮನೆತನ ಅಂತ ಒಂದಿರುತ್ತಲ್ವಾ? ಶನಿವಾರ ಬಂದು ಒಂದ್ಸಲ ಮನೆ ನೋಡ್ಕೊಂಡ್ ಹೋಗ್ತೀವಿ.”

ಮನೆ ನೋಡುವುದು ಎಂದರೆ ಗೋಡೆ ನೋಡುವುದು ಎಂದು ದ್ಯಾಮಣ್ಣನಿಗೆ ತಕ್ಷಣ ಅರ್ಥವಾಯಿತು. ಅವನ ಗೋಡೆಯಲ್ಲಿದ್ದದ್ದು ಒಂದು ಟೀವಿ ಮತ್ತು ಬಾಸುಮತಿ ಅಕ್ಕಿ ಮೂಟೆಯ ಮೇಲೆ ಕುಳಿತ ಲಕ್ಷ್ಮಿಯ ಕಿರಾಣಿ ಕ್ಯಾಲೆಂಡರು. ಅವನು ಬೇಲಿಯ ಆಚೆಯಿಂದ ನನ್ನ ಹತ್ತಿರ ಗೋಳಾಡಿದ:

“ನಮ್ಮಜ್ಜ ಫೋಟೋ ತೆಗಿಸಿಕೊಂಡಾಂವನ ಅಲ್ರಿ. ಫೋಟೋ ತೆಗದ್ರ ಆಯುಷ್ಯ ಕಡಿಮಿ ಆಗತೈತಿ ಅಂತ ಕ್ಯಾಮೆರಾ ಕಂಡ್ರ ಜ್ವಾಳದ ಹೊಲದಾಗ ಹೊಕ್ಕೊಂಡು ಕುಂದರತಿದ್ದ. ಈಗ ಗ್ವಾಡಿಗೆ ಏನ್ ತೂಗಹಾಕ್ಲಿ? ಜ್ವಾಳ?”

“ಮಗಳ ಡಿಗ್ರಿ ಹಾಕಿ,” ಎಂದೆ. “ಹಿಂದಿನವರು ಇಲ್ಲದಿದ್ದರೆ ಮುಂದಿನವರನ್ನು ತೋರಿಸಿ. ಒಳ್ಳೆಯ ಚೌಕಟ್ಟು ಮಾತ್ರ ಇರಲಿ.”

ಈ ಕಥೆಯಲ್ಲಿ ಯಾರಾದರೂ ಹೇಳಿದ ಕೊನೆಯ ಬುದ್ಧಿಯ ಮಾತು ಅದು.

ಅಪ್ಪ ಮಗಳು ಹೋಗಿ ಗರಾಜ್ ಸೇಲಿನಲ್ಲಿ ಒಂದು ಚೌಕಟ್ಟು ತಂದರು. ಭರ್ಜರಿ ಓಕ್ ಮರ, ಮೂಲೆಗಳಲ್ಲಿ ಹಿತ್ತಾಳೆ. ಒಳಗೆ ಮಾರಿದವರು ತೆಗೆಯಲು ಮರೆತ ಒಂದು ದೊಡ್ಡ ಕಪ್ಪು ಬಿಳುಪು ಫೋಟೊ. ಕೆಳಗಿನ ತಗಡಿನಲ್ಲಿ ‘ಹಾರ್ಟ್‌ವುಡ್ ಕಾಲೇಜು, ಫುಟ್‌ಬಾಲ್ ತಂಡ, ೧೯೪೮ರ ಸೀಸನ್’ ಎಂದು ಕೆತ್ತಿತ್ತು. ಮಳೆಯಲ್ಲಿ ಆಡಿ ಬಂದ ಕೂಡಲೇ ನಿಲ್ಲಿಸಿ ತೆಗೆದದ್ದಿರಬೇಕು. ಮೂರು ಸಾಲು ಹುಡುಗರು, ತಲೆಯಿಂದ ಕಾಲಿನವರೆಗೆ ಕೆಸರು. ಕೊಡೆ ಹಿಡಿದು ಬದಿಗೆ ನಿಂತ ಕೋಚ್ ಒಬ್ಬನ ಮುಖ ಮಾತ್ರ ಬೆಳ್ಳಗಿತ್ತು. ಕೆಸರು ಮೆತ್ತಿಕೊಂಡ ಮನುಷ್ಯ ಯಾವ ದೇಶದವನು ಎಂದು ಹೇಳುವ ವಿದ್ಯೆ ಇನ್ನೂ ಹುಟ್ಟಿಲ್ಲ.

ಚೌಕಟ್ಟಿನ ಹಿಂಬದಿಗೆ ಆ ಕಾಲದ ಮೊಳೆ ಹೊಡೆದಿದ್ದರು. “ನಾಳೆ ಗೋದಾಮಿನಿಂದ ಇಕ್ಕಳ ತಂದು ಕೀಳತೇನಿ,” ಎಂದು ದ್ಯಾಮಣ್ಣ ಅದನ್ನು ಹಾಗೆಯೇ ಬಾಗಿಲಿನ ಎದುರು ಗೋಡೆಗೆ ತೂಗುಹಾಕಿ ಅಳತೆ ನೋಡಿದ. ನಾಳೆ ಬರಲಿಲ್ಲ, ಶನಿವಾರ ಬಂತು.

ಆ ಶನಿವಾರ ಬೆಳಗ್ಗೆ ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗಿದ್ದರು. ಶಿವಾನಿ ಮಿಠಾಯಿ ತರಲು ಹೋಗಿದ್ದಳು. ಮನೆಯಲ್ಲಿ ಉಳಿದವಳು ಮಲ್ಲವ್ವನ ತಾಯಿ ಸುಶೀಲವ್ವ. ಮಗಳ ಮನೆ ನೋಡಲು ಹುಬ್ಬಳ್ಳಿಯಿಂದ ಆಗಷ್ಟೇ ಬಂದಿದ್ದ ಆಕೆಗೆ ಮಾಡಲು ಕೆಲಸವಿರಲಿಲ್ಲ, ನೋಡಲು ಗೋಡೆ ಇತ್ತು. ಬಾಗಿಲಿಗೆ ಎದುರಾಗಿ, ದೊಡ್ಡ ಚೌಕಟ್ಟಿನಲ್ಲಿ, ನಗದೆ ನಿಂತಿರುವ ಹಳೆಯ ಕಾಲದ ಮಂದಿ. ನಮ್ಮಲ್ಲಿ ಅಂಥವರು ಯಾರಾಗಿರಲು ಸಾಧ್ಯ? ಮನೆಯ ಹಿರಿಯರೇ. ಮತ್ತು ಹಿರಿಯರಿಗೆ ಹಾರವಿಲ್ಲ! ಬೀಗರಾಗುವವರು ಬಂದು ನೋಡಿದರೆ ಮಾನ ಉಳಿದೀತೇ?

ಸುಶೀಲವ್ವ ಸ್ಟೂಲು ಹತ್ತಿದಳು. ಗಾಜು ಒರೆಸಿ, ಮೂರು ಸಾಲಿನ ಪ್ರತಿ ಹಣೆಗೂ ವಿಭೂತಿ ಎಳೆದಳು. ಹಾರ್ಟ್‌ವುಡ್ ಕಾಲೇಜಿನ ತಂಡ ನೋಡನೋಡುತ್ತಿದ್ದಂತೆ ಮಠದ ಬೋರ್ಡಿಂಗಿನ ಹುಡುಗರಾಯಿತು. ದೀಪಾವಳಿಗೆ ತಂದಿಟ್ಟಿದ್ದ ಪ್ಲಾಸ್ಟಿಕ್ ಚೆಂಡುಹೂವಿನ ಹಾರ ಹುಡುಕಿ ಹಾಕಿದಳು. ಚೆಂಡಾಟದವರಿಗೆ ಚೆಂಡುಹೂವೇ ಸಿಕ್ಕಿದ್ದು ದೈವೇಚ್ಛೆ. ಊದಿನಕಡ್ಡಿ ಹಚ್ಚಿದಳು. ನೈವೇದ್ಯಕ್ಕೆ ಒಂದು ಶೇಂಗಾ ಹೋಳಿಗೆ ಇಟ್ಟಳು.

ನಮ್ಮ ಕಡೆ ಮನೆಯ ಗೋಡೆಯ ಫೋಟೊಗೆ ಹಾರ ಬಿತ್ತು ಎಂದರೆ ಮನುಷ್ಯ ಹಾರಿಹೋದ ಎಂದು ಅರ್ಥ. ಅದಕ್ಕೆ ಬೇರೆ ಸರ್ಟಿಫಿಕೇಟು ಬೇಡ.

ಊದಿನಕಡ್ಡಿಯ ಹೊಗೆಗೆ ಚಾವಣಿಯ ಅಲಾರಮ್ಮು ಕಿರುಚಲು ಶುರುವಾದದ್ದೂ, ಶಿಫ್ಟು ಮುಗಿಸಿಕೊಂಡು ಬಂದ ದ್ಯಾಮಣ್ಣ ಬಾಗಿಲು ತೆಗೆದದ್ದೂ, ಅವನ ಹಿಂದೆಯೇ ಶ್ರೀನಾಥ ದಂಪತಿ ಕಾರಿನಿಂದ ಇಳಿದದ್ದೂ ಒಟ್ಟಿಗೇ ಆಯಿತು. ಹಣ್ಣಿನ ತಟ್ಟೆ ಹಿಡಿದು ನಾನೂ ಅಲ್ಲೇ ಇದ್ದೆ.

“ಓ, ಹಿರಿಯರ ಫೋಟೋ!” ವಸಂತಾ ಚಪ್ಪಲಿ ಬಿಡುವ ಮೊದಲೇ ಕೈಮುಗಿದರು.

ದ್ಯಾಮಣ್ಣ ಗೋಡೆ ನೋಡಿದ. ಅವನ ಬಾಯಿ ತೆರೆಯಿತು. ಶಬ್ದವನ್ನು ಮಾತ್ರ ಅಲಾರಮ್ಮು ಮಾಡುತ್ತಿತ್ತು.

“ಹೌದ್ರಿ ಯವ್ವಾ, ನಮ್ಮ ಅಳಿಯಂದ್ರ ಮನಿ ಹಿರ್ಯಾರು,” ಎಂದಳು ಸುಶೀಲವ್ವ ಟವೆಲ್ಲಿನಿಂದ ಹೊಗೆ ಬೀಸುತ್ತಾ. “ಇವ್ರು ಹೇಳಿಕೊಳ್ಳೂ ಪೈಕಿ ಅಲ್ಲ. ಅದಕ್ಕ ನಾನ ಹಾರ ಹಾಕಿದ್ನಿ.”

ನಿಜ ಹೇಳಿದರೆ ಹೆಂಡತಿಯ ತಾಯಿ ದಾರಿಯಲ್ಲಿ ಹೋಗುವವರಿಗೆಲ್ಲ ಹೋಳಿಗೆ ಎಡೆ ಇಟ್ಟಂತಾಗುತ್ತದೆ. ಅತ್ತೆಯ ಮಾನ, ಮಗಳ ಮದುವೆ, ಎರಡೂ ಒಂದೇ ಹಾರದಲ್ಲಿ ನೇತಾಡುತ್ತಿದ್ದವು.

“ಇದರಲ್ಲಿ ನಿಮ್ ತಾತ ಯಾರು?” ಶ್ರೀನಾಥ ಕನ್ನಡಕ ಏರಿಸಿದರು.

ದ್ಯಾಮಣ್ಣನ ಬೆರಳು ಗಾಳಿಯಲ್ಲಿ ಅಲೆದಾಡಿ, ಎಲ್ಲರಿಗಿಂತ ಹೆಚ್ಚು ಕೆಸರಾದವನ ಮೇಲೆ ಬಂದು ನಿಂತಿತು. ಎರಡನೇ ಸಾಲು, ನಡುವಿನವನು. ಕಣ್ಣಿನ ಬಿಳಿ ಬಿಟ್ಟರೆ ಏನೂ ಕಾಣುವಂತಿರಲಿಲ್ಲ.

“ಇವರ್ರಿ. ನಮ್ಮ ದೊಡ್ಡಜ್ಜ. ನಿಜಲಿಂಗಪ್ಪ.”

ಹೆಸರಿನಲ್ಲಾದರೂ ನಿಜ ಇರಲಿ ಎಂದು ಆ ಹೆಸರು ಬಾಯಿಗೆ ಬಂತಂತೆ.

“ನಲವತ್ತೆಂಟರಲ್ಲಿ ಕೆನಡಾಗಾ?” ಶ್ರೀನಾಥರ ಧ್ವನಿ ಒಂದು ಮೆಟ್ಟಿಲು ಕೆಳಗಿಳಿಯಿತು. “ಏನ್ ಓದೋಕೆ ಬಂದಿದ್ರು?”

“ಹತ್ತಿ ಬೆಳಿಯೂದು ಕಲಿಯಾಕರಿ.”

“ಕೆನಡಾದಲ್ಲಿ ಹತ್ತಿ ಬೆಳೆಯುತ್ತಾ?”

“ಬೆಳಿಯಂಗಿಲ್ಲ ಅನ್ನೂದನ್ನ ಕಲತು ವಾಪಸ್ ಹೋದ್ರರಿ.”

ಶ್ರೀನಾಥ ತಲೆಯಾಡಿಸಿದರು. ಅವರ ಕಣ್ಣು ಮುಂದಿನ ಸಾಲಿನವನ ಕೈಯಲ್ಲಿದ್ದ ಚೆಂಡಿಗೆ ಹೋಯಿತು. “ಅಲ್ಲಾ ಸಾರ್, ಚೆಂಡ್ ಯಾಕೆ ಮೊಟ್ಟೆ ಥರ ಇದೆ?”

“ಮಹಾಯುದ್ಧ ಆಗಷ್ಟ ಮುಗದಿತ್ತಲ್ರಿ. ರಬ್ಬರ್ ಸಿಗತಿರಲಿಲ್ಲ. ಇದ್ದದ್ದರಾಗ ಉದ್ದಕ ಎಳದು ಹೊಲದಾರ.”

“ತಲೆಗೆ ಚರ್ಮದ ಟೋಪಿ?”

“ಯುದ್ಧದಾಗ ಉಳದದ್ದರಿ. ಒಗ್ಯಾಕ ಮನಸ ಬರ್ಲಿಲ್ಲ.”

ಅಷ್ಟರಲ್ಲಿ ಮಿಠಾಯಿ ಡಬ್ಬಿಯೊಂದಿಗೆ ಶಿವಾನಿ ಬಂದಳು. ಗೋಡೆ ನೋಡಿದಳು, ಅಪ್ಪನ ಬೆರಳು ನೋಡಿದಳು. “ಅಪ್ಪಾ, ಸೀರಿಯಸ್ಲಿ? ದಟ್ಸ್ ದಿ ಫ್ರೇಮ್ ವೀ—”

“ನೀ ಒಳಗ ಹೋಗವಾ. ಪೇಡೆ ತಟ್ಟಿಗೆ ಹಾಕು. ಒಂದೊಂದ ಹಾಕು, ಸಾವಕಾಶ ಹಾಕು.”

ಹೊರಡುವಾಗ ವಸಂತಾ ಇನ್ನೊಮ್ಮೆ ಗೋಡೆಗೆ ಕೈಮುಗಿದರು. ಶ್ರೀನಾಥ ದ್ಯಾಮಣ್ಣನ ಎರಡೂ ಕೈ ಹಿಡಿದು, “ಇಷ್ಟು ದೊಡ್ಡ ವಿಷ್ಯ ಮುಚ್ಚಿಟ್ಕೊಂಡಿದೀರಲ್ರೀ!” ಎಂದರು. ಅದೊಂದು ಮಾತು ಮಾತ್ರ ಅಕ್ಷರಶಃ ನಿಜವಾಗಿತ್ತು.

ಇಲ್ಲಿಗೆ ಮುಗಿದಿದ್ದರೆ ಇದು ಒಂದು ಮನೆಯ ಸುಳ್ಳಾಗಿ ಉಳಿಯುತ್ತಿತ್ತು. ಆದರೆ ಶ್ರೀನಾಥ ಆರ್ಕಿಟೆಕ್ಟು. ಅಡಿಪಾಯ ಕಂಡರೆ ಕಟ್ಟಡ ಏರಿಸದೆ ಇರಲಾರರು. ಸಂಬಂಧ ಬೆಳೆದರೆ ಸೊಸೆಯ ಹಿಂದೆ ದೊಡ್ಡಜ್ಜನೂ ಅರೋರಾಕ್ಕೆ ಬರುತ್ತಾನೆ ಎಂಬ ದೂರದೃಷ್ಟಿಯೂ ಅವರಿಗಿತ್ತು. ಅದೇ ರಾತ್ರಿ ಬಳಗದ ವಾಟ್ಸಾಪಿನಲ್ಲಿ ಫೋಟೊ ಬಂತು: ‘ಕೆನಡಾಕ್ಕೆ ಬಂದ ಮೊದಲ ಕನ್ನಡಿಗ! ಈ ಸಲದ ರಾಜ್ಯೋತ್ಸವ ಅವರಿಗೇ ಅರ್ಪಣೆ.’

ನಮ್ಮ ಬಳಗದಲ್ಲಿ ಒಬ್ಬರಿಗೆ ಅಜ್ಜ ಸಿಕ್ಕರೆ ಉಳಿದವರು ಸುಮ್ಮನಿರುವುದಿಲ್ಲ. ಮೊದಲು ಬಂದವರು ಕುಂದಾಪುರದ ಗಿರೀಶ. ಫೋಟೊವನ್ನು ಫೋನಿನಲ್ಲಿ ಮೂಗಷ್ಟೇ ಕಾಣುವ ಮಟ್ಟಿಗೆ ಹಿಗ್ಗಿಸಿದರು.

“ಮಾರಾಯ್ರೆ, ಇವರ ಬಲಗಡೆ ನಿಂತದ್ದು ನಮ್ಮ ದೊಡ್ಡಪ್ಪನ ಮಾವ ಅಲ್ಲವಾ? ಮೂಗು ನೋಡಿ ಮಾರಾಯ್ರೆ. ಈ ಮೂಗು ಕುಂದಾಪ್ರ ಬಿಟ್ರೆ ಬೇರೆ ಎಲ್ಲಿಯೂ ಆಗುವುದಿಲ್ಲ.”

ಎದುರು ಮನೆಯ ಸರ್ದಾರ್ಜಿ ಕೊನೆಯ ಸಾಲಿನಲ್ಲಿ ತಲೆಗೆ ಪಟ್ಟಿ ಸುತ್ತಿಕೊಂಡವನೊಬ್ಬನನ್ನು ತಮ್ಮವನೆಂದು ಗುರುತಿಸಿದರು. “ಅರೇ ಭಾಯ್‌ಸಾಬ್, ಪಗಡಿ ದೇಖೋ! ಯೇ ತೋ ಹಮಾರಾ ಬಂದಾ ಹೈ!” ಗಾಯಕ್ಕೆ ಕಟ್ಟಿದ ಬ್ಯಾಂಡೇಜು ಎಂದು ಹೇಳಲು ಹೋದ ನನ್ನನ್ನು ಅವರು ನೋಡಿದ ನೋಟ ನೆನೆದರೆ ನನಗೇ ಈಗ ಬ್ಯಾಂಡೇಜು ಬೇಕೆನಿಸುತ್ತದೆ. ಅಕ್ಟೋಬರ್ ಮುಗಿಯುವ ಹೊತ್ತಿಗೆ ಹಾರ್ಟ್‌ವುಡ್ ಕಾಲೇಜಿನ ತಂಡದಲ್ಲಿ ಕೆನಡಾದವನೆಂದು ಉಳಿದವನು ಕೋಚ್ ಒಬ್ಬನೇ. ಅದೂ ಕೊಡೆ ಹಿಡಿದಿದ್ದ ತಪ್ಪಿಗೆ.

ಇನ್ನು ನಲವತ್ತೆಂಟರ ಆ ಸೀಸನ್ನಿನ ಕಥೆ. ವಾರಕ್ಕೊಬ್ಬರ ಬೇಸ್‌ಮೆಂಟಿನಲ್ಲಿ ಊಟ, ಊಟದ ನಂತರ ಸೀಸನ್ನು. ಮೊಟ್ಟೆ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಇಲ್ಲಿನ ಫುಟ್‌ಬಾಲನ್ನು ದ್ಯಾಮಣ್ಣ ಜನ್ಮದಲ್ಲಿ ನೋಡಿದವನಲ್ಲ. ಆದರೆ ಮೊಸರನ್ನ ಹೊಟ್ಟೆಗೆ ಬಿದ್ದು ಸುತ್ತ ಹತ್ತು ಮಂದಿ ಬಾಯಿ ತೆರೆದು ಕುಳಿತರೆ ಅವನಿಗೆ ಮೈಮೇಲೆ ಬರುತ್ತಿತ್ತು. ಎದ್ದು ನಿಂತು, ಬಗಲಿಗೆ ಸೋಫಾದ ದಿಂಬು ಇರುಕಿಕೊಳ್ಳುತ್ತಿದ್ದ.

“ಮೊದಲನೇ ಮ್ಯಾಚು ಸೋತ್ರರಿ. ಯಾಕ? ಅಜ್ಜನ್ನ ಆಡಸಲಿಲ್ಲ! ಎರಡನೇ ಮ್ಯಾಚಿಗೆ ಕೋಚ್ ಬಂದು ಕಾಲಿಗೆ ಬಿದ್ದಾ. ಆವಾಗ ಅಜ್ಜ ಧೋತರ ಬಿಚ್ಚಿ ಚಡ್ಡಿ ಹಾಕ್ಕೊಂಡ್ರು. ಚಂಡು ಬಗಲಾಗ ಇಟಗೊಂಡು ಹೊಂಟ್ರು ನೋಡ್ರಿ, ಹಿಂದ ಊರ ಮಂದಿ ಬೆನ್ನಹತ್ತೈತಿ—”

“ಫುಟ್‌ಬಾಲ್ ಅಂದ್ರೆ ಕಾಲಲ್ಲಿ ಒದೆಯೋದಲ್ವಾ?” ಬಳಗದ ಕಾರ್ಯದರ್ಶಿ ರಮೇಶನ ಸಂಶಯ.

“ಒದಿಯೂದ ಐತಿ. ಅಡ್ಡ ಬಂದಾವ್ರನ್ನ.”

ಮಂಡ್ಯದ ಒಬ್ಬರು ಸಿಳ್ಳೆ ಹೊಡೆದರು. ಮುಂದಿನ ವಾರ ಸೆಮಿಫೈನಲ್ಲಿನಲ್ಲಿ ದೊಡ್ಡಜ್ಜ ಹುಬ್ಬಳ್ಳಿಯ ಗರಡಿಯ ಪಟ್ಟು ಹಾಕಿದರು. ಅದರ ಮುಂದಿನ ವಾರ ಫೈನಲ್ಲು, ಮೊಣಕಾಲುದ್ದ ಹಿಮ, ಎಲ್ಲರೂ ಗಡಗಡ ನಡುಗುತ್ತಿದ್ದರೆ ದೊಡ್ಡಜ್ಜ ಜೇಬಿನಿಂದ ಒಣಖಾರದ ಪುಡಿ ತೆಗೆದು ತಂಡಕ್ಕೆಲ್ಲ ಒಂದೊಂದು ಚಿಟಿಕೆ ಹಂಚಿದರು, ಕಪ್ಪು ಗೆದ್ದರು. ರಮೇಶ ಇದನ್ನೆಲ್ಲ ಬರೆದುಕೊಂಡು ಬಳಗದ ಸ್ಮರಣ ಸಂಚಿಕೆಯಾದ ಸಾವನಿಯರ್‌ಗೆ ಕೊಟ್ಟ. ಹೆಸರಿನಲ್ಲೇ ಸಾವಿರುವ ಪುಸ್ತಕಕ್ಕೆ ಹೋದ ಸುಳ್ಳು ಅಲ್ಲಿ ಅಮರವಾಗುತ್ತದೆ.

ಅಡುಗೆಮನೆಯಲ್ಲಿ ಮಲ್ಲವ್ವ ಪಾತ್ರೆಗಳ ಜೊತೆ ಮಾತಾಡುತ್ತಿದ್ದಳು. “ಇವರ ಅಜ್ಜಗ ಬಸ್ ಹತ್ತಿದ್ರ ವಾಂತಿ ಆಗತಿತ್ತಂತ. ಹಡಗ ಹತ್ತಿ ಬಂದು ಕಪ್ ಗೆದ್ದಾರಂತ ಕಪ್!”

ಶಿವಾನಿ ಹರ್ಷವರ್ಧನನಿಗೆ ಮೊದಲ ದಿನವೇ ಎಲ್ಲ ಹೇಳಿದ್ದಳು. ಅವನು ನಕ್ಕು ನಕ್ಕು, ಆಮೇಲೆ ಗಂಭೀರನಾಗಿ, “ಅಮ್ಮಂಗೆ ಗೊತ್ತಾದ್ರೆ ವೀ ಆರ್ ಡನ್,” ಎಂದನಂತೆ. ಮಗಳು ಬಂದು ಅಪ್ಪನ ಎದುರು ನಿಂತಳು. “ಫಿಕ್ಸ್ ಇಟ್, ಅಪ್ಪಾ.”

ದ್ಯಾಮಣ್ಣ ಒಪ್ಪಿದ. ಭಾನುವಾರ ನನ್ನನ್ನೂ ಎಳೆದುಕೊಂಡು ಅರೋರಾಕ್ಕೆ ಹೊರಟ. ದಾರಿಯುದ್ದಕ್ಕೂ ಅಭ್ಯಾಸ: “ಶ್ರೀನಾಥ ಸಾಹೇಬ್ರ, ತಪ್ಪಾಗೇತ್ರಿ. ಶ್ರೀನಾಥ ಸಾಹೇಬ್ರ, ಅದು ಗರಾಜ್ ಸೇಲ್ ಅಜ್ಜರಿ.” ನಾನು ಶ್ರೀನಾಥರ ಧ್ವನಿಯಲ್ಲಿ ಉತ್ತರ ಕೊಡುತ್ತಿದ್ದೆ, ಅವನು ನನಗೇ ಹೆದರಿ ಬೆವರುತ್ತಿದ್ದ.

ಬಾಗಿಲು ತೆರೆಯಿತು. ಎದುರಿಗೆ ಗೋಡೆ. 'ಅರಮನೆ ಕಡೆಯವರ' ಪಕ್ಕದಲ್ಲಿ, ಅವರಿಗಿಂತ ದೊಡ್ಡದಾಗಿ ಪ್ರಿಂಟು ಹಾಕಿಸಿದ, ಗಂಧದ ಹಾರ ಹಾಕಿದ ದೊಡ್ಡಜ್ಜ.

“ಬನ್ನಿ ಬನ್ನಿ! ಫ್ರೇಮ್ ಹೇಗಿದೆ? ನ್ಯೂಜೆರ್ಸಿಯಿಂದ ನಮ್ಮ ಅಕ್ಕ, ಭಾವ ಎಲ್ಲ ಬರ್ತಿದಾರೆ ಫಂಕ್ಷನ್‌ಗೆ,” ಎಂದರು ಶ್ರೀನಾಥ. ವಸಂತಾ ಕಾಫಿ ತಂದರು: “ಫಂಕ್ಷನ್ ಚೆನ್ನಾಗಿ ಆಗ್ಲಿ. ಅಲ್ಲೇ ಎಲ್ಲರ ಮುಂದೆ ಹುಡುಗ್ರ ವಿಷ್ಯ ಅನೌನ್ಸ್ ಮಾಡ್ಬಿಡೋಣ ಅಂತ. ಏನಂತೀರಿ?”

“ಶ್ರೀನಾಥ ಸಾಹೇಬ್ರ,” ಎಂದ ದ್ಯಾಮಣ್ಣ. ಬೆವರು ಒರೆಸಿಕೊಂಡ. “ಕಾಫಿಗೆ ಸಕ್ರಿ ಸ್ವಲ್ಪ ಕಡಿಮಿ ಆಗೇತ್ರಿ.”

ರಾಜ್ಯೋತ್ಸವ ವಾನ್‌ನ ಒಂದು ಶಾಲೆಯ ಸಭಾಂಗಣದಲ್ಲಿ. ವೇದಿಕೆಯ ಒಂದು ಮೂಲೆಯಲ್ಲಿ ಭುವನೇಶ್ವರಿ. ನಟ್ಟನಡುವೆ ಹಾರ್ಟ್‌ವುಡ್ ಕಾಲೇಜು, ಆಳೆತ್ತರ. ಸುಶೀಲವ್ವ ಬೆಳಗ್ಗೆಯೇ ಬಂದು ಹೊಸ ವಿಭೂತಿ ಎಳೆದು, ಈ ಸಲ ನಿಜವಾದ ಹೂವಿನ ಹಾರ ಹಾಕಿದ್ದಳು. ಮುಂದೆ ಎರಡು ದೀಪ. ನಗರಸಭೆಯ ಸದಸ್ಯರೊಬ್ಬರು ಬಂದು, ಕನ್ನಡ ಮತ್ತು ಕೆನಡಾ ಒಂದೇ ಥರ ಕೇಳಿಸುತ್ತದೆ ಎಂಬ, ಪ್ರತಿ ವರ್ಷ ಪ್ರತಿ ಅತಿಥಿಯೂ ತಾನೇ ಕಂಡುಹಿಡಿದಂತೆ ಹೇಳುವ ಜೋಕನ್ನು ಹೇಳಿ, ಊಟದ ವಾಸನೆ ಹಿಡಿದು ಇಳಿದುಹೋದರು.

ಆಗ ಶ್ರೀನಾಥ ನನ್ನ ಕೈಯಿಂದ ಮೈಕು ಕಸಿದುಕೊಂಡರು. “ಬಂಧುಗಳೇ, ಒಂದು ಸರ್ಪ್ರೈಸ್! ದ್ಯಾಮಣ್ಣ ಅವ್ರಿಗೂ ಹೇಳಿಲ್ಲ. ಫೋಟೋನ ಇಲ್ಲಿನ ಲೋಕಲ್ ಹಿಸ್ಟರಿ ಗ್ರೂಪಲ್ಲಿ ಹಾಕಿದ್ದೆ. ಆ ತಂಡದಲ್ಲಿ ಇವತ್ತಿಗೂ ಬದುಕಿರೋರು ಒಬ್ಬರಿದಾರೆ. ದೊಡ್ಡಜ್ಜನ ಜೊತೆ ಆಡಿದವ್ರು. ವೆಲ್ಕಮ್, ಮಿಸ್ಟರ್ ವಾಲ್ಟರ್!”

ಪರದೆಯ ಪಕ್ಕದಿಂದ ಗಾಲಿಕುರ್ಚಿ ಬಂತು. ತಳ್ಳುತ್ತಿದ್ದವಳು ಮೊಮ್ಮಗಳು. ಕುಳಿತವರಿಗೆ ತೊಂಬತ್ತಾರೋ ತೊಂಬತ್ತೇಳೋ. ಇಸ್ತ್ರಿ ಮಾಡಿದ ಕೋಟು, ಟೈ, ಮಗುವಿನಂಥ ಗುಲಾಬಿ ಕೆನ್ನೆ.

ಪಕ್ಕದಲ್ಲಿ ದ್ಯಾಮಣ್ಣ ನನ್ನ ತೋಳು ಹಿಡಿದುಕೊಂಡ. “ಅಯ್ಯಯ್ಯ, ಇವ್ರು ಇನ್ನೂ ಅದಾರೇನ್ರಿ!” ಒಬ್ಬರ ದೀರ್ಘಾಯುಷ್ಯಕ್ಕೆ ಇನ್ನೊಬ್ಬರು ಅಷ್ಟು ಮನಸಾರೆ ಮರುಗಿದ್ದನ್ನು ನಾನು ಕಂಡಿಲ್ಲ.

ವಾಲ್ಟರ್ ಫೋಟೊವನ್ನು ನೋಡಿದರು. ದೀಪ ನೋಡಿದರು, ಹಾರ ನೋಡಿದರು. ಕಣ್ಣು ತುಂಬಿ ಬಂತು. ಬೆರಳು ಮೇಲೆದ್ದು ಎರಡನೇ ಸಾಲಿನ ನಡುವೆ, ಎಲ್ಲರಿಗಿಂತ ಹೆಚ್ಚು ಕೆಸರಾದವನ ಮೇಲೆ ನಿಂತಿತು.

ಅವರ ಧ್ವನಿ ಪಿಸುಮಾತಿನಷ್ಟು. ಕೇಳಿಸಿದ್ದು ಬಗ್ಗಿ ನಿಂತ ಶ್ರೀನಾಥರಿಗೆ, ಇನ್ನೊಂದು ಪಕ್ಕದಲ್ಲಿದ್ದ ನನಗೆ. ಅವರ ಇಂಗ್ಲಿಷನ್ನು ನಾನು ಕನ್ನಡದಲ್ಲಿ ಇದ್ದದ್ದು ಇದ್ದಹಾಗೆ ಕೊಡುತ್ತೇನೆ. ಶ್ರೀನಾಥ ಏನು ಕೊಟ್ಟರು ಎಂಬುದನ್ನೂ ಕೊಡುತ್ತೇನೆ.

“ಅದು ನಾನು,” ಎಂದರು ವಾಲ್ಟರ್, ಎದೆ ಮುಟ್ಟಿಕೊಂಡು.

ಶ್ರೀನಾಥರ ಮುಖ ಗಾಜಿನಂತೆ ಸ್ತಬ್ಧವಾಯಿತು. ಅವರು ದ್ಯಾಮಣ್ಣನನ್ನು ನೋಡಿದರು. ದ್ಯಾಮಣ್ಣ ತನ್ನ ಬೂಟು ನೋಡಿದ. ಶ್ರೀನಾಥ ಸಭೆ ನೋಡಿದರು: ಮೊದಲ ಸಾಲಿನಲ್ಲಿ ರೇಷ್ಮೆ ಸೀರೆಯ ವಸಂತಾ, ನ್ಯೂಜೆರ್ಸಿಯ ಅಕ್ಕ, ಭಾವ, ಎಲ್ಲರ ಮಡಿಲಲ್ಲೂ ದೊಡ್ಡಜ್ಜನ ಮುಖಪುಟದ ಸಾವನಿಯರ್. ಆಮೇಲೆ ಮೈಕಿಗೆ ಹೇಳಿದರು:

“ವಾಲ್ಟರ್ ಹೇಳ್ತಿದಾರೆ, ‘ಅದು ನಾನೇ ಅನ್ನೋ ಅಷ್ಟು ಹತ್ತಿರ ಇದ್ವಿ ನಾನು, ನಿಜಲಿಂಗಪ್ಪ!’”

ಚಪ್ಪಾಳೆ.

“ಯಾರು?” ಎಂದರು ವಾಲ್ಟರ್. “ಆ ಹೆಸರಿನವರು ನಮ್ಮಲ್ಲಿ ಯಾರೂ ಇರಲಿಲ್ಲ.”

“‘ಅಂಥವರು ನಮ್ಮಲ್ಲಿ ಇನ್ನೊಬ್ಬರು ಇರಲಿಲ್ಲ!’”

ಸಿಳ್ಳೆ.

“ಆ ಸೀಸನ್ನಿನಲ್ಲಿ ನಾವು ಒಂದೇ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ. ಎಲ್ಲರೂ ನಮ್ಮನ್ನು ನೋಡಿ ನಕ್ಕರು.”

“‘ಆ ಸೀಸನ್ ನೋಡಿದವ್ರ ಮುಖದಲ್ಲಿ ಇವತ್ತಿಗೂ ನಗು ಮಾಸಿಲ್ಲ!’”

ಮಂಡ್ಯದವರು ಎದ್ದು ನಿಂತರು. ವಾಲ್ಟರ್ ಅವರತ್ತ ಕೈಬೀಸಿ, ಫೋಟೊವನ್ನೇ ನೋಡುತ್ತಾ ನಿಧಾನವಾಗಿ ಹೇಳಿದರು: “ನಾನು ಚಿಕ್ಕವನು. ಉಳಿದವರಲ್ಲಿ ಅರ್ಧ ಮಂದಿ ಯುದ್ಧದಿಂದ ಬಂದವರು. ಗೆಲ್ಲುವುದು ಅವರಿಗೆ ಬೇಕಿರಲಿಲ್ಲ. ಯಾರೂ ಗುಂಡು ಹಾರಿಸದ ಕೆಸರಿನಲ್ಲಿ ಬಿದ್ದು ಹೊರಳಾಡುವುದು ಬೇಕಿತ್ತು.”

ಶ್ರೀನಾಥ ಮೈಕು ಬಾಯಿಯ ಹತ್ತಿರ ತಂದರು, ದೂರ ಮಾಡಿದರು, ಮತ್ತೆ ತಂದರು. ಇದೊಂದನ್ನು ಮಾತ್ರ ಹೇಳಿದ್ದು ಹೇಳಿದಂತೆ ಹೇಳಿದರು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಹಿಂದಿನ ಸಾಲಿನ ಮಕ್ಕಳೂ ಫೋನಿನಿಂದ ತಲೆಯೆತ್ತಿದರು.

ಆ ಮೌನ ದ್ಯಾಮಣ್ಣನ ಕೈಯಲ್ಲಿ ತಡೆಯಲಾಗಲಿಲ್ಲ. ಅವನು ನುಗ್ಗಿ ಬಂದು ಶ್ರೀನಾಥರ ಕೈಯಲ್ಲಿದ್ದ ಮೈಕಿಗೆ ಬಾಯಿ ಹಾಕಿದ. “ಎಲ್ಲಾರೂ ಕೇಳ್ರಿ. ಅಂವ ನಮ್ಮಜ್ಜ ಅಲ್—”

ಶ್ರೀನಾಥರ ಹೆಬ್ಬೆರಳು ಮೈಕಿನ ಗುಂಡಿ ಒತ್ತಿತು. ಇನ್ನೊಂದು ಕೈ ದ್ಯಾಮಣ್ಣನನ್ನು ಬಾಚಿ ತಬ್ಬಿತು. ಕಿವಿಯಲ್ಲಿ, ಹಲ್ಲು ಕಚ್ಚಿ:

“ಸುಮ್ನಿರಿ ಬೀಗರೆ! ಸಾವನಿಯರ್ ಪ್ರಿಂಟ್ ಆಗೋಗಿದೆ!”

ದ್ಯಾಮಣ್ಣ ಅಲ್ಲಾಡಲಿಲ್ಲ. “ಏನಂದ್ರಿ?”

“ಪ್ರಿಂಟ್ ಆಗೋಗಿದೆ ಅಂದೆ.”

“ಅಲ್ಲರಿ, ಅದರ ಹಿಂದಿಂದು.”

“ಬೀಗರೆ ಅಂದೆ ಕಣ್ರೀ. ಈಗ ನಗ್ತಾ ನಿಲ್ಲಿ.”

ಬೀಗರು ಎಂಬ ಪದ ಬೀಗುವುದರಿಂದ ಬಂತೋ, ಬಾಯಿಗೆ ಹಾಕುವ ಬೀಗದಿಂದ ಬಂತೋ, ಪಂಡಿತರು ಹೇಳಬೇಕು. ಅಂದು ಎರಡೂ ಆಯಿತು. ಕೆಳಗಿನಿಂದ ನೋಡಿದವರಿಗೆ ಕಂಡದ್ದು ಅಜ್ಜನನ್ನು ನೆನೆದು ಗದ್ಗದಿತನಾದ ಮೊಮ್ಮಗ, ಅವನನ್ನು ಅಪ್ಪಿ ಸಂತೈಸುವ ಅಧ್ಯಕ್ಷರು. ವಸಂತಾ ಸೆರಗಿನಿಂದ ಕಣ್ಣೊರೆಸಿಕೊಂಡರು. ನ್ಯೂಜೆರ್ಸಿಯ ಭಾವ ವೀಡಿಯೊ ಮಾಡಿಕೊಂಡರು.

ಆದರೆ ಸಭೆಯಲ್ಲಿ ಇಂಗ್ಲಿಷೂ ಬೇಡದ, ಅನುವಾದವೂ ಬೇಡದ ಒಂದು ಜೀವ ಇತ್ತು. ವಾಲ್ಟರರ ಬೆರಳು ಎಲ್ಲಿ ನಿಂತಿತು, ಆಮೇಲೆ ಅವರು ತಮ್ಮ ಎದೆ ಹೇಗೆ ಮುಟ್ಟಿಕೊಂಡರು, ಅಷ್ಟನ್ನೇ ನೋಡಿದ್ದ ಸುಶೀಲವ್ವ ವೇದಿಕೆ ಹತ್ತಿ ಬಂದಳು.

“ಅಯ್ಯ ನನ್ನ ಶಿವನ! ಜೀವಂತ ಕುಂತ ಮನಿಷ್ಯಾರಿಗೆ ಹಾರ ಹಾಕೀನೆಲ್ಲಾ!”

ಹಾರ ಕಿತ್ತಳು. ಫೋಟೊದಿಂದ ತೆಗೆದು ವಾಲ್ಟರರ ಕೊರಳಿಗೆ ಹಾಕಿದಳು. ಫೋಟೊದ ಹಣೆಯ ವಿಭೂತಿ ಸೆರಗಿನಿಂದ ಒರೆಸಿ, ಸೊಂಟದ ಚೀಲದಿಂದ ಹೊಸದು ತೆಗೆದು ಗುಲಾಬಿ ಹಣೆಗೆ ಎಳೆದಳು. ಎರಡೂ ಕೈಯಿಂದ ಮುಖ ನೀವಿ ಲಟಲಟ ನೆಟಿಕೆ ಮುರಿದಳು. ಆಮೇಲೆ ಅಳಿಯನ ಕಡೆ ತಿರುಗಿದಳು.

“ಅಳಿಯಂದ್ರ, ದೊಡ್ಡಜ್ಜ ಇನ್ನೂ ಜೀವಂತ ಅದಾರಂತ ಯಾಕ ಹೇಳಲಿಲ್ಲ? ಹಿರೇ ಮನಿಷ್ಯಾನ್ನ ಮಂದಿ ಕೈಯಾಗ ಬಿಟ್ಟೀರಿ? ಬಿಸಲ ಕಾಣದ ದೇಶದಾಗ ಇದ್ದು ಇದ್ದು ಹೆಂಗ ಬೆಳ್ಳಗಾಗ್ಯಾರ ನೋಡ್ರಿ! ರೊಟ್ಟಿ ತಿಂದು ಎಷ್ಟ ವರ್ಷ ಆತೋ!”

ಸಭೆಯಿಂದ ಗಿರೀಶರ ಧ್ವನಿ: “ಹೌದಾ ಮಾರಾಯ್ರೆ, ಹಾಗಾದ್ರೆ ನಮ್ಮ ದೊಡ್ಡಪ್ಪನ ಮಾವನೂ ಎಲ್ಲಿಯಾದರೂ ಇರಬಹುದಾ?”

ವಾಲ್ಟರ್ ಹಾರವನ್ನು ಮೂಸಿ ನೋಡಿದರು. ಮೊಮ್ಮಗಳಿಗೆ ಹೇಳಿದ್ದು ನನಗೂ ಕೇಳಿಸಿತು: “ಸೋತದ್ದಕ್ಕೆ ಇಷ್ಟು ದೊಡ್ಡ ಹಾರ ಇವರು ಮಾತ್ರ ಹಾಕಿದ್ದು.” ಶ್ರೀನಾಥ ಅದನ್ನು ಅನುವಾದಿಸಲಿಲ್ಲ. ಅವರು ಮೈಕಿನ ಗುಂಡಿ ಒತ್ತಿ, ಹರ್ಷವರ್ಧನ ಮತ್ತು ಶಿವಾನಿಯನ್ನು ವೇದಿಕೆಗೆ ಕರೆಯುವ ತುರ್ತಿನಲ್ಲಿದ್ದರು.

ನಿಶ್ಚಿತಾರ್ಥಕ್ಕೆ ಹಿರಿಯರ ಜಾಗದಲ್ಲಿ ಕುಳಿತವರು ವಾಲ್ಟರ್. ವಸಂತಾ ಅವರ ಕಾಲು ಮುಟ್ಟಿ ನಮಸ್ಕರಿಸಿದರು. ಅವರು ಶೂ ಲೇಸು ಬಿಚ್ಚಿದೆಯೇನೋ ಎಂದು ಬಗ್ಗಿ ನೋಡಿಕೊಂಡರು. ಈಗ ಮೊಮ್ಮಗಳು ಬಿಡುವಾದ ಭಾನುವಾರ ಅವರನ್ನು ವಿಟ್ಬಿಗೆ ಕರೆತರುತ್ತಾಳೆ. ಸುಶೀಲವ್ವ ಎಣ್ಣೆಗಾಯಿ ಬಡಿಸುತ್ತಾಳೆ. ಅವರು ಮೂಗು ಒರೆಸಿಕೊಳ್ಳುತ್ತಾ ಇಂಗ್ಲಿಷಿನಲ್ಲಿ ಸೀಸನ್ನಿನ ಕಥೆ ಹೇಳುತ್ತಾರೆ, ಆಕೆ ಕನ್ನಡದಲ್ಲಿ ಹೂಂಗುಡುತ್ತಾಳೆ. ಪ್ರತಿ ಪಂದ್ಯದಲ್ಲೂ ಸೋಲು. ಪ್ರತಿ ಸೋಲಿಗೂ ಇನ್ನೊಂದು ರೊಟ್ಟಿ. ಅತ್ತೆಗೆ ನಿಜ ಹೇಳಬೇಕೆಂದು ದ್ಯಾಮಣ್ಣ ಆಗಾಗ ಎದ್ದು ನಿಲ್ಲುತ್ತಾನೆ. ಮಲ್ಲವ್ವ ಕಣ್ಣಲ್ಲೇ ಕೂರಿಸುತ್ತಾಳೆ. ಚೌಕಟ್ಟು ದೊಡ್ಡಜ್ಜನಿಗೇ ಉಳಿಯಿತು. ಶಿವಾನಿಯ ಡಿಗ್ರಿ ಇವತ್ತಿಗೂ ಸುರುಳಿ ಸುತ್ತಿಕೊಂಡು ಕಪಾಟಿನಲ್ಲಿದೆ.

ಹಿಮ ಕರಗಿ ಗರಾಜ್ ಸೇಲುಗಳು ಶುರುವಾದವು. ಒಂದು ಬೆಳಗ್ಗೆ ಶ್ರೀನಾಥರ ಕಾರು ನಮ್ಮ ಬೀದಿಗೆ ಬಂತು. ಅವರ ಗೋಡೆಯಿಂದ 'ಅರಮನೆ ಕಡೆಯವರು' ಇಳಿದುಹೋಗಿ ಅಲ್ಲೊಂದು ಜಾಗ ಖಾಲಿಯಾಗಿದೆ. ಅವರೂ ಯಾವುದೋ ಅಂಗಡಿ ಕಡೆಯವರೇ ಇರಬೇಕೆಂಬ ಗುಮಾನಿ ನನಗೆ. ಬೀಗರಿಬ್ಬರೂ ಮನೆಯಿಂದ ಮನೆಗೆ, ಹಳೆಯ ದೀಪ, ಒಡೆದ ಸೈಕಲ್ಲುಗಳ ನಡುವೆ ತಿರುಗುತ್ತಿದ್ದರು. ಕೊನೆಗೆ ಶ್ರೀನಾಥ ಒಂದು ಮೇಜಿನ ಅಡಿಯಿಂದ ಹಳೆಯ ಹಾಕಿ ತಂಡದ ಫೋಟೊ ಎತ್ತಿ, ಸುತ್ತ ಯಾರಾದರೂ ನೋಡುತ್ತಿದ್ದಾರೆಯೇ ಎಂದು ನೋಡಿ, ಬೀಗರ ಮುಂದೆ ಹಿಡಿದರು.

ದ್ಯಾಮಣ್ಣ ಕನ್ನಡಕ ಹಾಕಿಕೊಂಡು ಸಾಲು ಸಾಲಾಗಿ ಒಂದೊಂದು ಮುಖವನ್ನೂ ಪರೀಕ್ಷಿಸಿದ. ತಲೆಯಾಡಿಸಿದ.

“ಇದು ಬ್ಯಾಡ್ರಿ ಬೀಗರ. ಮಾರಿ ಬಾಳ ಸ್ವಚ್ಛ ಅದಾವ.”